‘ನಮ್ಮ ಜೋಡಿ ಮರಿ ಐತ್ರಿ’

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರದಲ್ಲಿ ನಡೆದದ್ದು. ಹಾವೇರಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ನಾನು ನಿವೃತ್ತಳಾದ ಮೇಲೆ ನಮ್ಮ ಯಜಮಾನರ ಜೊತೆ ಗಳಗನಾಥದ ಹತ್ತಿರ, ಹೊಳೆದಂಡೆಯ ನಮ್ಮ ಹೊಲದಲ್ಲಿ ಮನೆ ಕಟ್ಟಿಸಿಕೊಂಡು ಬಂದಿದ್ದೆ. ಹಿಂದಿನ ಎರಡು ಕೋಣೆ ನಮಗೆ, ಮುಂದಿನ ಮೂರು ಬಾಡಿಗೆಗೆ. ವರದೆ ಬಂದು ತುಂಗಭದ್ರೆಗೆ ಕೂಡುವ ಜಾಗ, ಹಳೆಯ ಗುಡಿ ನೋಡಲು ಬಂದವರು ಒಂದೆರಡು ದಿನ ಇದ್ದು ಹೋಗುತ್ತಿದ್ದರು. ಬಿಸಿನೀರು ಇದೆಯೇ, ಕಾರು ನಿಲ್ಲಿಸಲು ಜಾಗ ಇದೆಯೇ, ಜೋಳದ ರೊಟ್ಟಿ ಮಾಡಿಕೊಡುತ್ತೀರಾ ಎಂದು ಜನ ಮೊಬೈಲಿಗೆ ಮೆಸೇಜು ಹಾಕುತ್ತಿದ್ದರು. ಎಲ್ಲಕ್ಕೂ ನಾನೇ ಉತ್ತರ ಕೊಡುತ್ತಿದ್ದೆ.

ನನಗೆ ನಿಯಮ ಅಂದರೆ ಜೀವ. ಅಷ್ಟು ವರ್ಷ ಕೋರ್ಟಿನ ಆದೇಶ ಟೈಪು ಮಾಡಿದ ಕೈ ಸುಮ್ಮನಿರುತ್ತದೆಯೇ? ಬಾಡಿಗೆಯವರಿಗೆ ಹದಿನಾಲ್ಕು ನಿಯಮ ಬರೆದು, ಲ್ಯಾಮಿನೇಶನ್ ಮಾಡಿಸಿ ಮುಂದಿನ ಕೋಣೆಯ ಗೋಡೆಗೆ ಹಾಕಿದ್ದೆ. “ಇದು ಮನಿ ಅಲ್ಲ, ನಿನ್ನ ಎರಡನೇ ಕೋರ್ಟು” ಎಂದು ಯಜಮಾನರು ಕಾಡಿಸುತ್ತಿದ್ದರು. ಒಂಬತ್ತನೆಯ ನಿಯಮ ನಾಯಿಗಳದ್ದು. ಹುಬ್ಬಳ್ಳಿಯಿಂದ ಬಂದವರೊಬ್ಬರ ನಾಯಿ ಹೊಸ ಗಾದಿಯನ್ನು ಹರಿದು ಹತ್ತಿಯನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿತ್ತು. ಅವತ್ತೇ ಬರೆದುಬಿಟ್ಟೆ: ಸಾಕಿದ ಪ್ರಾಣಿಗಳನ್ನು ಮನೆಯೊಳಗೆ ಬಿಡತಕ್ಕದ್ದಲ್ಲ, ಹೊರಗಿನ ಶೆಡ್ಡಿನಲ್ಲಿ ಕಟ್ಟತಕ್ಕದ್ದು.

ಸಂಕ್ರಾಂತಿಗೆ ಮೂರು ದಿನ ಮುಂಚೆ ರಾಣೆಬೆನ್ನೂರಿನಿಂದ ಒಬ್ಬ ಹೆಣ್ಣುಮಗಳ ಮೆಸೇಜು ಬಂತು. “ಅಕ್ಕಾರ, ನಾವು ಗಂಡ ಹೆಂಡ್ತಿ ಇಬ್ಬರು, ನಮ್ಮ ಜೋಡಿ ಮರಿ ಐತ್ರಿ. ಒಮ್ಮೊಮ್ಮೆ ಚೀರತೈತಿ. ನಡೀತೈತೇನ್ರಿ?”

ನಾನು ಹಬ್ಬಕ್ಕೆಂದು ಎಳ್ಳು ಹುರಿಯುತ್ತಿದ್ದೆ. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಮೊಬೈಲು. “ಎಷ್ಟು ದೊಡ್ಡದೈತಿ?” ಎಂದು ಕೇಳಿದೆ.

“ದೊಡ್ಡದಾಗೇತ್ರಿ, ಹನ್ನೊಂದು ವರ್ಷ.”

ಜೊತೆಗೆ ಬರುವುದು ಮುದಿ ನಾಯಿ ಅಂದುಕೊಂಡೆ. “ಕಚ್ಚತೈತೇನು?”

ಉತ್ತರ ಬಂತು: “ಮೊದಲ ಕಚ್ಚತಿತ್ರಿ. ಈಗ ಕಡಿಮಿ ಆಗೇತಿ.”

“ಒಳಗ ಹೊಲಸು ಮಾಡಿದ್ರ?”

“ನಾನ ಬಳಕೋತೇನ್ರಿ ಅಕ್ಕಾರ. ನಿಮಗ ಏನೂ ತ್ರಾಸ ಕೊಡೂದಿಲ್ಲ.”

ಅಷ್ಟು ಸಾಕಾಯಿತು ನನಗೆ. ಎಳ್ಳು ಸೀದ ಸಿಟ್ಟೂ ಸೇರಿತ್ತೇನೋ. ಹೀಗೆ ಬರೆದೆ: “ಒಳಗ ಬಿಡಂಗಿಲ್ಲ. ಹೊರಗ ಶೆಡ್ಡಿನ್ಯಾಗ ಕಂಬ ಐತಿ, ಅಲ್ಲೇ ಕಟ್ಟಬೇಕು. ಹಾಸಾಕ ಗೋಣಿಚೀಲ ಕೊಡತೇನಿ. ಹಗ್ಗ, ತಾಟು ನೀವ ತರ್ರಿ. ಒಪ್ಪಿಗಿ ಇದ್ರ ಬರ್ರಿ.”

ಮರುದಿನ ಬೆಳಿಗ್ಗೆ ಉತ್ತರ ಬಂತು. “ಆತ್ರಿ ಅಕ್ಕಾರ. ಹಂಗ ಮಾಡತೇವಿ.”

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ಟಂಟಂ ಆಟೋದಲ್ಲಿ ಬಂದಿಳಿದರು. ಗಂಡ ಟೇಲರ್, ಸಣ್ಣ ಕಾಯದ ಮೆತ್ತಗಿನ ಮನುಷ್ಯ. ಹೆಂಡತಿಗೆ ಮೂವತ್ತೈದರ ಒಳಗೇ ವಯಸ್ಸು, ಆದರೆ ಕಣ್ಣ ಸುತ್ತ ಕಪ್ಪಾಗಿತ್ತು. ಅವಳ ಕೈ ಹಿಡಿದುಕೊಂಡು ಎರಡು ಜಡೆಯ ಹುಡುಗಿಯೊಬ್ಬಳು ಇಳಿದಳು. ಎತ್ತಲೋ ನೋಡುತ್ತ, ತಲೆಯನ್ನು ಹಿಂದೆ ಮುಂದೆ ಆಡಿಸುತ್ತ ಸಣ್ಣಗೆ ಗುನುಗುತ್ತಿದ್ದಳು. ನಾನು ಟಂಟಂನ ಒಳಗೆ ಬಗ್ಗಿ ನೋಡಿದೆ. “ಮರಿ ಎಲ್ಲೈತಿ?” ಎಂದು ಕೇಳಿದೆ.

ಆ ತಾಯಿ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಮುಂದೆ ಮಾಡಿದಳು. “ಇದ ರೀ ಅಕ್ಕಾರ, ನಮ್ಮ ಮರಿ.”

ನಮ್ಮ ಕಡೆ ನಾಯಿಯದೂ ಮರಿ, ಕುರಿಯದೂ ಮರಿ, ಮುದ್ದು ಮಾಡುವಾಗ ಮಗುವೂ ಮರಿ. ಮಕ್ಕಳಿಗೂ ‘ಬಂತು, ಹೋತು, ಅಳತೈತಿ’ ಅಂತಲೇ ಮಾತಾಡುತ್ತೇವೆ. ಇದೇನು ನನಗೆ ಗೊತ್ತಿಲ್ಲದ ಕನ್ನಡವಲ್ಲ. ಆ ಕ್ಷಣದಲ್ಲಿ ನಾನು ಬರೆದ ಒಂದೊಂದು ಸಾಲೂ ನೆನಪಾಯಿತು.

ಅಷ್ಟರಲ್ಲಿ ಗಂಡ ಚೀಲ ಬಿಚ್ಚಿದ್ದ. ಹಳೆಯ ಸೀರೆಯನ್ನು ಹೊಸೆದು ಮಾಡಿದ ಹಗ್ಗ, ಒಂದು ಸ್ಟೀಲಿನ ತಾಟು, ಮಡಿಚಿದ ಕೌದಿ. “ಶೆಡ್ಡು ಯಾವ ಕಡೆ ಐತ್ರಿ?” ಎಂದ. ಹೆಂಡತಿ ಸಂಕೋಚದಿಂದ, “ಗೋಣಿಚೀಲ ಅದಕ್ಕ ಚುಚ್ಚತೈತ್ರಿ ಅಕ್ಕಾರ. ಅದಕ್ಕ ಕೌದಿ ತಂದೇವಿ. ಏನೂ ತಿಳ್ಕೋಬ್ಯಾಡ್ರಿ” ಎಂದಳು.

ತಪ್ಪಾಯಿತು, ನಾಯಿ ಅಂದುಕೊಂಡಿದ್ದೆ ಎಂದು ಹೇಳಬೇಕಿತ್ತು. ಆದರೆ ನಿಮ್ಮ ಮಗಳನ್ನು ನಾನು ನಾಯಿ ಎಂದು ತಿಳಿದಿದ್ದೆ ಎಂದು ಒಬ್ಬ ತಾಯಿಯ ಮುಖ ನೋಡಿ ಹೇಗೆ ಹೇಳುವುದು? ಹೇಳದಿದ್ದರೆ, ಮಗುವನ್ನು ಕಂಬಕ್ಕೆ ಕಟ್ಟಿರಿ ಎಂದ ಹೆಂಗಸು ನಾನು ಎಂದಾಗುತ್ತದೆ. ಬಾಯಿಗೆ ಬಂದದ್ದು ಒಂದು ಸುಳ್ಳು. “ಶೆಡ್ಡಿನ್ಯಾಗ ನಿನ್ನೆ ಹಾವು ಕಂಡೈತ್ರಿ. ಬ್ಯಾಡ, ಎಲ್ಲಾರೂ ಒಳಗ ಬರ್ರಿ” ಎಂದೆ.

ಆ ತಾಯಿಯ ಕಣ್ಣು ತುಂಬಿತು. “ನೀವು ದೊಡ್ಡ ಮನಸಿನವರ್ರಿ ಅಕ್ಕಾರ” ಎಂದಳು. ನಾನು ಆ ಮಾತನ್ನೂ ಸುಮ್ಮನೆ ಇಟ್ಟುಕೊಂಡೆ.

ಚಹಾ ಕುಡಿಯುವಾಗ ಅವಳೇ ಹೇಳಿದಳು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವರು ಊರು ಬಿಟ್ಟು ಎಲ್ಲಿಯೂ ಹೋಗಿರಲಿಲ್ಲ. ಮಗಳಿಗೆ ನೀರು ಕಂಡರೆ ಸಮಾಧಾನ. ಎರಡು ದಿನ ಹೊಳೆ ಹತ್ತಿರ ಇಟ್ಟುಕೊಳ್ಳೋಣ ಎಂದು ಎಷ್ಟೋ ಕಡೆ ಕೇಳಿದ್ದರು. ಚೀರುತ್ತದೆ ಎಂದು ಹೇಳಿದ ಕೂಡಲೇ ಎಲ್ಲರೂ ಜಾಗವಿಲ್ಲ ಅಂದಿದ್ದರು. “ನೀವು ಹೊರಗರ ಇರ್ಲಿ ಅಂದ್ರಿ. ನಮ್ಮ ಮನಿ ಮುಂದ ಹೈವೇ ಐತ್ರಿ, ಕಣ್ಣು ತಪ್ಪಿಸಿ ಓಡತೈತಿ. ಅಡಗಿ ಮಾಡೂಮುಂದ ನಾನೂ ಸೀರಿಲೆ ಕಟ್ಟತೇನಿ. ನೀವು ಇಂಥಾ ಮಕ್ಕಳನ್ನ ಕಂಡವರ ಇರಬೇಕು ಅನ್ಕೊಂಡೆ.” ನಾನು ಚಹಾದ ಕಪ್ಪು ಕೆಳಗಿಟ್ಟೆ.

ಆ ಎರಡು ದಿನ ಹುಡುಗಿ ಹೊಳೆಯ ದಂಡೆಯಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತಳು. ತಂದೆ ಪಕ್ಕದಲ್ಲೇ ಇರುತ್ತಿದ್ದ. ಅವಳದು ಒಂದೇ ಆಟ: ಒದ್ದೆ ಮರಳನ್ನು ಅಂಗೈಯಲ್ಲಿ ತಟ್ಟುವುದು, ನೋಡುವುದು, ಮತ್ತೆ ತಟ್ಟುವುದು. ಚೀರಿದ್ದು ಎರಡೇ ಸಲ. ತಾಯಿ ಮಾವಿನ ಗಿಡದ ಕೆಳಗೆ ಚಾಪೆ ಹಾಸಿಕೊಂಡು ಹಗಲೆಲ್ಲ ನಿದ್ದೆ ಮಾಡಿದಳು. ಊಟಕ್ಕೆ ಕುಳಿತಾಗ ಹುಡುಗಿ ರೊಟ್ಟಿ ಪಲ್ಯ ಎತ್ತಿ ಗೋಡೆಗೆ ಒಗೆದಳು. ತಾಯಿ ಧಡಪಡಿಸಿ ಎದ್ದು, ನನ್ನ ಮುಖವನ್ನೇ ನೋಡುತ್ತ ಗೋಡೆ ಒರೆಸಿದಳು. ಇರಲಿ ಬಿಡಮ್ಮ ಎಂದರೂ ಬಿಡಲಿಲ್ಲ.

ಯಜಮಾನರಿಗೆ ಎಲ್ಲ ಹೇಳಿದ್ದೆ. “ಖರೇ ಹೇಳಿಬಿಡು. ಹೊಟ್ಟ್ಯಾಗ ಇಟ್ಕೊಂಡು ಕುಂದ್ರಬ್ಯಾಡ” ಎಂದರು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವಳು ಅಷ್ಟು ನೆಮ್ಮದಿಯಿಂದ ಇದ್ದಾಳೆ, ಯಾಕೆ ಕೆಡಿಸುವುದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಖರೇ ಅಂದರೆ, ದೊಡ್ಡ ಮನಸಿನವರು ಅನ್ನಿಸಿಕೊಳ್ಳುವುದು ಹಿತವಾಗಿತ್ತು.

ಹೊರಡುವ ದಿನ ಬೆಳಿಗ್ಗೆ ರೊಟ್ಟಿ ಬುತ್ತಿ ಕೊಡಲು ಮುಂದಿನ ಕೋಣೆಗೆ ಹೋದೆ. ಅವಳು ಗೋಡೆಯ ಮುಂದೆ ನಿಂತು ನನ್ನ ನಿಯಮಗಳನ್ನು ಓದುತ್ತಿದ್ದಳು. ಬೆರಳು ಒಂಬತ್ತನೆಯ ಸಾಲಿನ ಮೇಲಿತ್ತು. ಆ ಹಾಳೆಯನ್ನು ತೆಗೆದಿಡಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

“ಅಕ್ಕಾರ,” ಎಂದಳು, ತಿರುಗದೆ. “ನೀವು ನಾಯಿಮರಿ ಅಂತ ತಿಳ್ಕೊಂಡಿದ್ರೇನು?”

ನಾನು ಬುತ್ತಿ ಹಿಡಿದುಕೊಂಡು ನಿಂತೆ. ಹೌದೆಂದು ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ. ಬೈಯಲಿ, ಅಳಲಿ, ಬುತ್ತಿ ಎತ್ತಿ ಒಗೆಯಲಿ ಅನಿಸಿತು. ಅವಳು ಏನೂ ಮಾಡಲಿಲ್ಲ. ಮೆಲ್ಲಗೆ ಹೇಳಿದಳು:

“ನಿಮ್ಮದೇನು ತಪ್ಪಿಲ್ಲ ಬಿಡ್ರಿ. ನೀವು ನಾಯಿ ಅಂತ ತಿಳದು ಕಟ್ಟರಿ ಅಂದ್ರಿ. ನಾನು ಹಡದಾಕಿ, ಮಗಳು ಅಂತ ಗೊತ್ತಿದ್ದೂ ಹೂಂ ಅಂದೆ.”

ಅಷ್ಟು ಹೇಳಿ ಮಗಳ ಜಡೆ ಹೆಣೆಯಲು ಕುಳಿತಳು. ಜಡೆ ಎರಡು ಸಲ ಬಿಚ್ಚಿಹೋಯಿತು. ಗಂಡನಿಗೆ ಏನೂ ಗೊತ್ತಾಗಲಿಲ್ಲ. ಅವನು ಹೋಗುವಾಗ ನಮ್ಮಿಬ್ಬರಿಗೂ ಕೈಮುಗಿದು, ಮುಂದಿನ ವರ್ಷವೂ ಬರುತ್ತೇವೆ ಎಂದ. ಅವಳು ಚೀಲ ಎತ್ತಿಕೊಂಡು ಮುಂದೆ ನಡೆದಳು. ಹುಡುಗಿ ಮಾತ್ರ ಹೊಳೆಯ ಕಡೆ ಎಳೆದಾಡಿ ಚೀರುತ್ತಲೇ ಟಂಟಂ ಹತ್ತಿದಳು.

ಗೋಡೆಯ ಹಾಳೆಯನ್ನು ಅವತ್ತೇ ಕಿತ್ತೆ. ಈಗ ಯಾರು ಕೇಳಿದರೂ ಮೆಸೇಜಿನಲ್ಲಿ ಉತ್ತರಿಸುವುದಿಲ್ಲ, ಫೋನು ಮಾಡಿ ಮಾತಾಡುತ್ತೇನೆ. ಗೊತ್ತಿಲ್ಲದೆ ಆದದ್ದು, ಮರೆತುಬಿಡು ಅಂತ ಎಲ್ಲರೂ ಹೇಳುತ್ತಾರೆ. ನಾಯಿಯೇ ಆಗಿದ್ದರೂ, ಹನ್ನೊಂದು ವರ್ಷದ ಮುದಿ ಜೀವವನ್ನು ಚಳಿಗಾಲದಲ್ಲಿ ಗೋಣಿಚೀಲದ ಮೇಲೆ ಕಟ್ಟಿ ಎಂದು ಬರೆಯುವಾಗ ನನಗೆ ಏನೂ ಅನಿಸಿರಲಿಲ್ಲ. ಅದನ್ನು ಗೊತ್ತಿಲ್ಲದೆ ಆದದ್ದು ಎನ್ನಲು ಬರುವುದಿಲ್ಲ.

ಹೋದ ವರ್ಷ ಸಂಕ್ರಾಂತಿಗೆ ಅವಳಿಗೆ ಫೋನು ಮಾಡಿದೆ. ತಪ್ಪಾಯಿತು ಎಂದೆ. ಮಗಳನ್ನು ಕರೆದುಕೊಂಡು ಬರ್ರಿ, ಎಷ್ಟು ದಿನ ಬೇಕಾದರೂ ಇರ್ರಿ, ನಮ್ಮ ಮನೆಯವರ ಹಾಗೆ ಇರ್ರಿ ಎಂದೆ. ಆ ಕಡೆ ಹುಡುಗಿ ಚೀರುವುದು ಕೇಳಿಸುತ್ತಿತ್ತು.

“ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಕ್ಕಾರ,” ಎಂದಳು. “ಆದ್ರ ಅಲ್ಲಿಗೆ ಬಂದ್ರ ನಾ ಹೂಂ ಅಂದದ್ದ ನೆನಪಾಗತೈತಿ. ಬ್ಯಾಡ್ರಿ.”

ಆ ಹುಡುಗಿಗೆ ಹೊಳೆ ಎಷ್ಟು ಸೇರಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡವಳು. ಅದನ್ನು ಅವಳಿಂದ ತಪ್ಪಿಸಿದವಳೂ ನಾನೇ.