ಹತ್ತನೆಯ ಹೆಸರು ಹುಡುಕಿದ ಕಾರ್ಯದರ್ಶಿ

ಯಾರೊಂದಿಗೆ ಮಾತನಾಡುವಾಗಲೂ ನಮ್ಮ ಕಾರ್ಯದರ್ಶಿ ಮೊಣಕಾಲುಗಳನ್ನು ಸ್ವಲ್ಪ ಬಗ್ಗಿಸಿ ನಿಲ್ಲುತ್ತಿದ್ದ. ಆರಡಿ ಮೀರಿದ ಆಳು. ಎದುರಿಗಿದ್ದವರು ಕತ್ತೆತ್ತಬಾರದೆಂದು ತಾನೇ ಅವರ ಎತ್ತರಕ್ಕೆ ಇಳಿಯುತ್ತಿದ್ದ. ಆಲ್ಬನಿಯ ಗಾಳಿಗೆ ಕೆಂಪಾದ ಅಗಲ ಕಿವಿಗಳು, ಅರ್ಧ ಓಟದ ನಡಿಗೆ, ಮೈಸೂರಿನ ಮೆದು ಮಾತು. ಅವನಿಗೆ ಇಪ್ಪತ್ತಮೂರು. ನನಗೆ ಅರವತ್ತೆರಡು.

ನಾನು ಬಿಜಾಪುರದ ಕಡೆಯ ಒಂದು ವಸತಿಶಾಲೆಯಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವನು. ಅದಕ್ಕೂ ಮೊದಲು ಅಂಥದೇ ಶಾಲೆಯ ವಿದ್ಯಾರ್ಥಿ. ಹೀಗಾಗಿ ಬದುಕೆಲ್ಲ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡವನು. ನಿವೃತ್ತನಾಗಿ ನ್ಯೂಜಿಲೆಂಡಿಗೆ, ಆಕ್ಲೆಂಡಿನ ಹೊರವಲಯದ ಆಲ್ಬನಿಯ ಮಗಳ ಮನೆಗೆ ಬಂದ ಮೇಲೂ ಬೆಳಗಿನ ಐದಕ್ಕೇ ಏಳುತ್ತಿದ್ದೆ. ಎದ್ದು ಮಾಡುವ ಕೆಲಸ ಮಾತ್ರ ಇರಲಿಲ್ಲ.

ಅವನನ್ನು ಮೊದಲು ಕಂಡದ್ದು ಇಂಡಿಯನ್ ದಿನಸಿ ಅಂಗಡಿಯಲ್ಲಿ. ನಾನು ರವೆಯ ಪೊಟ್ಟಣ ಹಿಡಿದು ಅದರ ಮೇಲಿನ ದಿನಾಂಕ ಓದುತ್ತಿದ್ದೆ.

"ಚಿರೋಟಿ ರವೆ ಇಲ್ಲಿ ಸಿಗಲ್ಲ ಅಂಕಲ್," ಎಂದಿತು ಮೇಲಿನಿಂದ ಒಂದು ದನಿ.

"ನಾ ಕನ್ನಡದಾಂವ ಅಂತ ಹೆಂಗ ಗೊತ್ತಾತು?"

"ರವೆ ಮುಂದೆ ಎರಡು ನಿಮಿಷಕ್ಕಿಂತ ಜಾಸ್ತಿ ನಿಂತೋರು ನಮ್ಮೋರೇ ಆಗಿರ್ತಾರೆ. ಇದೇ ಜಾಗದಲ್ಲಿ ಮೂರು ಜನಾನ ಹಿಡ್ದಿದ್ದೀನಿ."

ಹಿಡಿಯುವುದು ಏತಕ್ಕೆಂದರೆ, ಅವನು ಒಂದು ಬಳಗ ಕಟ್ಟುತ್ತಿದ್ದ. ಅಮೆರಿಕದಲ್ಲಿ ಓದಿದ ಅವನ ಅಣ್ಣ ಅಲ್ಲಿನ ಕಾಲೇಜುಗಳ ಸೋದರ ಬಳಗಗಳ ಸುದ್ದಿ ಹೇಳಿದ್ದನಂತೆ: ಓದುವಾಗ ಒಮ್ಮೆ ಸೇರಿದವರು ಸಾಯುವತನಕ ಅಣ್ಣತಮ್ಮಂದಿರು. ಆಕ್ಲೆಂಡಿನ ಪೇಟೆಯೊಳಗಿನ ಕ್ಯಾಂಪಸ್ಸಿನಲ್ಲಿ ಕನ್ನಡದ ಹುಡುಗರು ಆಗಲೇ ಅಂಥದೊಂದನ್ನು ನಡೆಸುತ್ತಿದ್ದರು. ಆಲ್ಬನಿಯಲ್ಲಿ ಅದರ ಶಾಖೆ ತೆರೆಯಬೇಕೆಂಬುದು ಇವನ ಹಟ. ಪೇಟೆಯವರ ಷರತ್ತು ಒಂದೇ. ಸೆಮಿಸ್ಟರ್ ಮುಗಿಯುವುದರೊಳಗೆ ಪ್ರತಿಜ್ಞೆ ಮಾಡಿದ ಹತ್ತು ಸದಸ್ಯರ ಪಟ್ಟಿ ಕೊಡಬೇಕು. ಒಂಬತ್ತಾದರೆ ಶಾಖೆ ಇಲ್ಲ.

ಹಟಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವನ ಪಕ್ಕದ ಕೋಣೆಯ ಫ್ಲಾಟ್‌ಮೇಟ್ ಆರೇ ತಿಂಗಳಿಗೆ ಓದು ಬಿಟ್ಟು ಊರಿಗೆ ಹೊರಟುಹೋಗಿದ್ದ. "ಹೋಗೋ ದಿನ ಬಾಗಿಲಲ್ಲಿ ನಿಂತು ಅವರಮ್ಮಂಗೆ ಫೋನ್ ಮಾಡ್ತಿದ್ದ, ಅಂಕಲ್. ಕನ್ನಡದಲ್ಲಿ. ಆರು ತಿಂಗಳು ನಾವಿಬ್ರೂ ಗೋಡೆ ಆಚೆ ಈಚೆ ಇದ್ಕೊಂಡು ಇಂಗ್ಲಿಷಲ್ಲಿ ಗುಡ್ ಮಾರ್ನಿಂಗ್ ಹೇಳ್ಕೊಂಡಿದ್ವಿ." ಇದನ್ನು ಹೇಳುವಾಗ ಮಾತ್ರ ಅವನು ನಗುತ್ತಿರಲಿಲ್ಲ.

"ನಾ ವಿದ್ಯಾರ್ಥಿ ಅಲ್ಲಪಾ," ಎಂದೆ.

"ವಿದ್ಯಾರ್ಥಿಗಳನ್ನ ನಾನು ಹುಡುಕ್ತೀನಿ. ಹುಡುಕಿದೋರನ್ನ ಟೈಮಿಗೆ ಸರಿಯಾಗಿ ಕೂರಿಸೋಕೆ ಒಬ್ರು ಬೇಕು."

ಹೀಗೆ ನನಗೆ ಮತ್ತೆ ಕೆಲಸ ಸಿಕ್ಕಿತು. ಒಂದು ಹಾಳೆಯಲ್ಲಿ ಒಂಬತ್ತು ನಿಯಮ ಬರೆದುಕೊಟ್ಟೆ, ಎಲ್ಲರೂ ಒಪ್ಪಿದರು. ನಾಲ್ಕನೆಯ ನಿಯಮ: ಪ್ರತಿಜ್ಞೆಯ ಶನಿವಾರ ಸಂಜೆ ಸರಿಯಾಗಿ ಐದಕ್ಕೆ ಹಾಜರಿ ಕರೆಯತಕ್ಕದ್ದು, ಕರೆದಾಗ ಓಗೊಟ್ಟವನು ಸದಸ್ಯ, ಉಳಿದವರು ಮುಂದಿನ ಸೆಮಿಸ್ಟರಿಗೆ.

ಉಳಿದ ಶನಿವಾರಗಳು ಕಾರ್ಯದರ್ಶಿಯ ಫ್ಲಾಟಿನಲ್ಲಿ, ಅವನದೇ ಪದ್ಧತಿಯಲ್ಲಿ ನಡೆದವು. ಹೊಸಬ ಬಂದ ದಿನ ಅವನೇ ತನ್ನ ಮನೆಯ ಸಾರು ಮಾಡಬೇಕು. ಮಾಡಲು ಬಾರದಿದ್ದರೆ ಫೋನ್ ಕಾರ್ಡ್ ಉಜ್ಜಿ ಅವನ ತಾಯಿಗೆ ಕರೆ. ಆಕೆ ಊರಿನಿಂದ ಹೇಳಬೇಕು, ಇವರು ಸ್ಪೀಕರಿನ ಸುತ್ತ ನಿಂತು ಕೇಳಬೇಕು.

"ಹುಣಸೆಹಣ್ಣು ನಿಂಬೆ ಗಾತ್ರ, ಉಪ್ಪು ಒಂದು ಹಿಡಿ," ಎಂದಿದ್ದರು ಹಾಸನದ ಒಬ್ಬ ತಾಯಿ.

"ಯಾರ ಹಿಡಿ ಆಂಟಿ? ಇಲ್ಲೊಬ್ಬನ ಕೈ ಮೊರದ ಥರ ಇದೆ," ಎಂದ ಕಾರ್ಯದರ್ಶಿ.

"ಮೊರದವನು ದೂರ ನಿಂತ್ಕೊಳ್ಲಿ. ನನ್ನ ಮಗ ಹಾಕ್ಲಿ."

ಆ ಸಾರು ಉಪ್ಪಾಗಿಯೇ ಆಯಿತು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ನಾನೂ.

ಪ್ರತಿಜ್ಞೆಯ ಶನಿವಾರ ಹತ್ತಿರ ಬಂದಾಗ ಒಂಬತ್ತು ಜನ ಗಟ್ಟಿಯಾಗಿದ್ದರು. ಹತ್ತನೆಯವನು ಗದಗಿನ ಹುಡುಗ. ಶನಿವಾರ ಅವನಿಗೆ ಆಕ್ಲೆಂಡಿನ ಇನ್ನೊಂದು ತುದಿಯ ನ್ಯೂ ಲಿನ್‌ನ ಬೇಕರಿಯಲ್ಲಿ ಪಾಳಿ. ಅದು ಮುಗಿದ ಮೇಲೆ ರೈಲಿನಲ್ಲಿ ಪೇಟೆಗೆ, ಅಲ್ಲಿಂದ ಬಸ್ಸಿನಲ್ಲಿ ಆಲ್ಬನಿಗೆ, ಬಸ್ ನಿಲ್ದಾಣದಿಂದ ಫ್ಲಾಟಿಗೆ ಓಟ. ಎಷ್ಟು ಓಡಿದರೂ ಐದು ಹನ್ನೆರಡು. ರಜೆ ಕೇಳಿದರೆ ಕೆಲಸ ಹೋಗುತ್ತಿತ್ತು.

"ಹನ್ನೆರಡು ನಿಮಿಷ ಅಂಕಲ್, ಅಷ್ಟೇ," ಎಂದು ಹುಡುಗರು ಗೋಗರೆದರು.

"ಇಂವಗ ಹನ್ನೆರಡು ಬಿಟ್ರ ಮುಂದಿನಾಂವ ಇಪ್ಪತ್ತು ಕೇಳತಾನ. ನೀವ ಒಪ್ಪಿದ ನಿಯಮ ಅದು."

"ಅಂಕಲ್‌ನ ಅವರಮ್ಮ ಹೆತ್ತಿದ್ದಲ್ಲ ಕಣೋ, ಕೀ ಕೊಟ್ಟಿದ್ದು," ಎಂದು ಹಿಂದಿನಿಂದ ಯಾರೋ ಗೊಣಗಿದರು.

ಕಾರ್ಯದರ್ಶಿ ವಾದ ಮಾಡಲಿಲ್ಲ. ನನ್ನ ಹಾಳೆಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದ. ಮಡಚಿ ನನ್ನ ಕೈಗೇ ಕೊಟ್ಟ. "ಸರಿ ಅಂಕಲ್. ನಿಯಮ ಮುರಿಯೋದು ಬೇಡ."

ಶನಿವಾರ ನಾಲ್ಕೂವರೆಗೆ ಮಗಳ ಮನೆಯ ಮುಂದೆ ಒಂದು ಹಳೆಯ ವ್ಯಾನ್ ನಿಂತಿತು. ಒಳಗೆ ಕಾರ್ಯದರ್ಶಿ, ಎಂಟು ಹುಡುಗರು, ಚಿತ್ರಾನ್ನದ ದೊಡ್ಡ ಪಾತ್ರೆ.

"ಎಲ್ಲಿಗೆ ಹೊಂಟೀರಿ?"

"ಸಭೆಗೆ. ನಿಮ್ಮ ಹಾಳೇಲಿ ಟೈಮ್ ಇದೆ, ಜಾಗ ಇಲ್ಲ. ಅವನು ಸಭೆಗೆ ಬರೋದು ತಡ ಆಗತ್ತೆ ಅಂದ್ರೆ ಸಭೇನೇ ಸ್ವಲ್ಪ ಮುಂದೆ ಹೋಗಿ ನಿಲ್ಬೇಕು."

ವ್ಯಾನ್ ಬಸ್ ನಿಲ್ದಾಣಕ್ಕೆ ಹೋಯಿತು. ಬಸ್ಸುಗಳಿಗೆಂದೇ ಮಾಡಿದ ರಸ್ತೆ, ಬಸ್‌ವೇ, ತೆರೆದು ಹೆಚ್ಚು ದಿನವಾಗಿರಲಿಲ್ಲ. ಎಲ್ಲ ಹೊಸತು, ಎಲ್ಲ ಶುಭ್ರ. ಆ ಹುಡುಗನ ಬಸ್ಸು ಬರಬೇಕಾದದ್ದು ನಾಲ್ಕು ಐವತ್ತೈದಕ್ಕೆ. ಬರಲಿಲ್ಲ. ಐವತ್ತೆಂಟಾಯಿತು. ಹುಡುಗರು ರಸ್ತೆಯ ಕಡೆ ನೋಡುತ್ತಿದ್ದರು, ಕಾರ್ಯದರ್ಶಿ ನನ್ನ ಕೈಗಡಿಯಾರದ ಕಡೆ. ಅವನ ಕಿವಿಗಳು ಮೆಣಸಿನಕಾಯಿಯಾಗಿದ್ದವು.

ಐದಕ್ಕೆ ನಾನು ರಿಜಿಸ್ಟರ್ ತೆರೆದೆ. ತೆರೆಯಲೇಬೇಕಿತ್ತು. ಮೊದಲ ಹೆಸರು ಕರೆದೆ. ಆಮೇಲೆ, ಏಕೋ, ಆ ಹುಡುಗನ ತಂದೆಯ ಹೆಸರನ್ನೂ ಓದಿದೆ. ಊರು ಓದಿದೆ. ತಾಲೂಕು, ಜಿಲ್ಲೆ ಓದಿದೆ. ಎರಡನೆಯವನಿಗೂ ಹಾಗೆಯೇ. ಇಡೀ ಶಾಲೆಯ ಹಾಜರಿಯನ್ನು ಮೂರು ನಿಮಿಷದಲ್ಲಿ ಮುಗಿಸುತ್ತಿದ್ದವನು ನಾನು. ಅಷ್ಟು ಸಾವಕಾಶವಾಗಿ ಎಂದೂ ಕರೆದಿರಲಿಲ್ಲ. ಹಾಜರಿಯನ್ನು ಯಾವಾಗ ಶುರುಮಾಡಬೇಕೆಂದು ನಿಯಮದಲ್ಲಿತ್ತು. ಎಷ್ಟು ಬೇಗ ಮುಗಿಸಬೇಕೆಂದು ಇರಲಿಲ್ಲ. ಹುಡುಗರಿಗೆ ಅರ್ಥವಾಯಿತು. "ಪಿನ್‌ಕೋಡ್ ಬಿಟ್ರಿ ಅಂಕಲ್," ಎಂದ ಏಳನೆಯವನು. ಅದನ್ನೂ ಓದಿದೆ.

ಒಂಬತ್ತನೆಯವನ ಜಿಲ್ಲೆಗೆ ಬರುವಾಗ ಬಸ್ಸು ತಿರುವಿನಲ್ಲಿ ಕಂಡಿತು. ಹುಡುಗ ಇಳಿದ, ತಲೆಗೂದಲಲ್ಲಿ ಮೈದಾಹಿಟ್ಟು. ಓಡಲು ಅನುವಾದವನು ನಮ್ಮನ್ನೆಲ್ಲ ಸಾಲಾಗಿ ಕಂಡು ಗಾಬರಿಯಿಂದ ನಿಂತುಬಿಟ್ಟ.

"ಯಾರಿಗೇನಾತ್ರಿ?"

ನಾನು ಅವನ ಹೆಸರು ಕರೆದೆ.

"ಅದೀನ್ರಿ ಸರ್. ಆದ್ರ ಏನಾತಂತ ಹೇಳ್ರಿ."

ಅಷ್ಟರಲ್ಲಿ ಒಂಬತ್ತು ಜನ ಅವನನ್ನು ಎತ್ತಿಕೊಂಡಿದ್ದರು. ಪ್ರತಿಜ್ಞೆ ಅಲ್ಲೇ ನಿಲ್ದಾಣದಲ್ಲಿ ಆಯಿತು, ಬಸ್ಸಿನ ಚಾಲಕನಿಗೂ ಒಂದು ತಟ್ಟೆ ಚಿತ್ರಾನ್ನ ಹೋಯಿತು. ಪಟ್ಟಿ ಸೋಮವಾರ ಪೇಟೆಗೆ ತಲುಪಿತು, ಶಾಖೆಯಾಯಿತು. ಮುಂದಿನ ವರ್ಷ ಕಾರ್ಯದರ್ಶಿಗೆ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ಕೆಲಸ ಸಿಕ್ಕಾಗ, ರಿಜಿಸ್ಟರ್ ವಹಿಸಿಕೊಂಡವನು ಆ ಗದಗಿನ ಹುಡುಗನೇ.

ಆ ಹತ್ತು ಜನ ಈಗ ತಲೆ ನರೆಯುತ್ತಿರುವ ಗೃಹಸ್ಥರು. ಒಬ್ಬನ ತಂದೆ ತೀರಿಕೊಂಡಾಗ ಇನ್ನಿಬ್ಬರು ಕೇಳದೆಯೇ ಅವನ ಜೊತೆ ವಿಮಾನ ಹತ್ತಿದ್ದರು. ಒಬ್ಬರ ಮನೆಗೆ ಇನ್ನೊಬ್ಬರು ಬಣ್ಣ ಬಳಿದುಕೊಟ್ಟಿದ್ದಾರೆ. ಕ್ರಿಕೆಟ್ಟಿನ ವಿಷಯಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಾರೆ. ಅವರ ಮಕ್ಕಳಿಗೆಲ್ಲ ನಾನು ಅಜ್ಜ. ನಾನು ಕನ್ನಡದಲ್ಲಿ ಗದರುತ್ತೇನೆ, ಅವು ಇಂಗ್ಲಿಷಿನಲ್ಲಿ ನಗುತ್ತವೆ.

ಕಾರ್ಯದರ್ಶಿ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ ಅವನಿಗೆ ಒಂದು ವಿಷಯ ಹೇಳಿದೆ. ವಾರ್ಡನ್ ಆಗಿದ್ದಾಗ, ಮೂರು ಸಲ ತಡವಾಗಿ ಬಂದನೆಂದು ಒಬ್ಬ ಹುಡುಗನ ಹೆಸರನ್ನು ಹಾಸ್ಟೆಲಿನಿಂದ ತೆಗೆದುಹಾಕಿದ್ದೆ. ನಿಯಮದಂತೆ ಸರಿಯಾಗಿಯೇ ಇತ್ತು. ಆ ಬಸ್ ನಿಲ್ದಾಣದ ಸಂಜೆಯಿಂದ ಈಚೆಗೆ ಅವನು ನೆನಪಾಗುತ್ತಲೇ ಇದ್ದಾನೆ ಎಂದೆ.

ಕಾರ್ಯದರ್ಶಿ, "ಯಾವೂರು ಅಂಕಲ್ ಅವರದ್ದು?" ಎಂದು ಕೇಳಿದ.

ಎರಡೇ ವಾರ. ಬಳಗದ ಒಬ್ಬನ ಭಾವನ ಊರು ಅದರ ಪಕ್ಕದ್ದೇ ಆಗಿತ್ತು. ನಂಬರು ನನ್ನ ಕೈಗೆ ಬಂತು. ಇಂಥ ಋಣವನ್ನು ತೀರಿಸುವ ಕ್ರಮ ನನಗೆ ಯಾವ ಶಾಲೆಯೂ ಕಲಿಸಿಲ್ಲ.

ಕರೆ ಮಾಡಿದೆ. ಐವತ್ತರ ಆಸುಪಾಸಿನ ದನಿ. ನನ್ನ ಹೆಸರು ಹೇಳುವ ಮೊದಲೇ ಗುರುತು ಹಿಡಿಯಿತು. ಆಗ ಮೂರು ಸಲವೂ ಯಾಕೆ ತಡವಾಯಿತೆಂದು ಕೇಳಿದೆ.

"ಅವ್ವನ್ನ ದವಾಖಾನಿಗೆ ಕರಕೊಂಡು ಹೋಗತಿದ್ದೆ ರೀ ಸರ್," ಎಂದ. "ನೀವು ಕೇಳಿದ್ರ ಹೇಳತಿದ್ದೆ."

ಆಮೇಲೆ ಒಂದು ತಾಸು ನಾನು ಕೇಳಿದೆ, ಅವನು ಹೇಳಿದ.