ಬಿಸಿಲು ತಾಕದ ಚಿಪ್ಪು

ಬೀದಿಯಲ್ಲೆಲ್ಲ ಅವಳಿಗೆ ಆಮೆಯಮ್ಮ ಎಂದೇ ಹೆಸರು. ಮಕ್ಕಳಿಲ್ಲದವಳಿಗೆ ಜನ ಒಂದು ಹೆಸರು ಕಟ್ಟದೆ ಬಿಡುತ್ತಾರೆಯೇ? ಕಟ್ಟಿದವರ ನಾಲಿಗೆಯಲ್ಲಿ ಕುಹಕವಿತ್ತು. ಅವಳು ಮಾತ್ರ ಬಡ್ತಿ ಸಿಕ್ಕವಳಂತೆ ಅದನ್ನು ಹೊತ್ತು ತಿರುಗಿದಳು. ಡಬ್ಬಿ ಮುಚ್ಚಳದಷ್ಟಿದ್ದ ಆಮೆಮರಿಯನ್ನು ಮನೆ ಖಾಲಿ ಮಾಡಿದ ನೆರೆಯವರು ಅವಳ ಮಡಿಲಿಗೆ ಹಾಕಿ ಹೋಗಿದ್ದರು. ಹಿತ್ತಿಲಿನ ಹುಲ್ಲು, ದಾಸವಾಳದ ಎಲೆ ತಿಂದು, ಬೆಳಗಿನ ಬಿಸಿಲಿಗೆ ಬೆನ್ನೊಡ್ಡಿ ಅದು ಊಟದ ತಟ್ಟೆಯಷ್ಟು ಅಗಲವಾಯಿತು. ಬೆರಳ ಗೆಣ್ಣಿನಿಂದ ಬಡಿದರೆ ಚಿಪ್ಪು ಒಣಮರದ ಹಾಗೆ ಟಕಟಕ ಎನ್ನುತ್ತಿತ್ತು.

ಗಂಡ ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಮನೆಯ ಮುಂಭಾಗವೇ ಅಂಗಡಿ. ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಅದಕ್ಕಿಂತ ಹೆಚ್ಚು. ಒಂದು ದಿನ ಕುರ್ಚಿಯೊಂದನ್ನು ಮುಗಿಸಿ, ಪಾಲಿಶ್ ಬಟ್ಟೆಯುಂಡೆಯನ್ನು ಕಾಲಬುಡಕ್ಕೆ ಬಂದ ಆಮೆಯ ಬೆನ್ನಿಗೂ ಎಳೆದುಬಿಟ್ಟ. ಚಿಪ್ಪು ಜೇನಿನಂತೆ ಮಿರುಗಿತು. ಆಗಷ್ಟೇ ಒಳಗೆ ಬಂದ ಗಿರಾಕಿ, "ಆಹಾ, ಆಮೆಗೇ ಇಂಥ ಕಳೆ ಬಂದ್ರೆ ನಮ್ಮ ಮೇಜು ಹೇಗಿರ್ಬೇಡ!" ಎಂದ. ಅಲ್ಲಿಗೆ ಮುಗಿಯಿತು. ಮರುದಿನದಿಂದ ಆಮೆಯ ವಾಸ ಅಂಗಡಿಯಲ್ಲೇ.

"ರೀ, ಅದಕ್ಕೆ ಬಿಸಿಲು ಬೇಕು. ಹಿತ್ತಿಲಿಗೆ ಬಿಡಿ."

"ಪಾಲಿಶ್ ಹಾಕಿದ್ದನ್ನ ಯಾರಾದ್ರೂ ಬಿಸಿಲಿಗಿಡ್ತಾರೇನೇ? ಬಿರುಕು ಬಿಡತ್ತೆ."

"ನೀರಲ್ಲಾದ್ರೂ ಸ್ವಲ್ಪ ಹೊತ್ತು ಬಿಡ್ತೀನಿ."

"ನೀರು ತಾಗಿದ್ರೆ ಬಿಳಿಚ್ಕೊಳ್ಳತ್ತೆ. ನನಗೇ ಕಸುಬು ಹೇಳ್ಕೊಡ್ತೀಯಾ?"

ಮೇಜಿನ ಮಟ್ಟಿಗೆ ಅವನು ಹೇಳಿದ್ದೆಲ್ಲ ಸತ್ಯ. ಆಮೆ ಮೇಜಲ್ಲ ಎಂಬುದೊಂದೇ ಅವನ ತಲೆಗೆ ಹೋಗಲಿಲ್ಲ.

ಹುಲ್ಲಿನ ಕಸ ಹಸಿ ಪಾಲಿಶ್‌ಗೆ ಅಂಟುತ್ತದೆಂದು ಸೊಪ್ಪುಸದೆಯನ್ನೂ ನಿಲ್ಲಿಸಿದ. ಬದಲಿಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು, ಕಳಿತ ಬಾಳೆಹಣ್ಣು, ಗಿರಾಕಿಗಳು ಮುರಿದು ಹಾಕುವ ಬಿಸ್ಕತ್ತು. ಆಮೆ ಕತ್ತು ಚಾಚಿ ಚಾಚಿ ತಿಂದಿತು.

"ನೋಡು, ನಿನ್ನ ಹುಲ್ಲಿಗಿಂತ ನನ್ನ ಬ್ರೆಡ್ಡೇ ರುಚಿ ಅದಕ್ಕೆ."

"ರುಚಿಯಾದದ್ದೆಲ್ಲ ಮೈಗೆ ಹತ್ತತ್ತಾ? ನೀವು ಹೊಗಳಿಕೆ ತಿಂದು ತಿಂದು ಹೀಗಾಗಿಲ್ವಾ?"

"ನಿನ್ನ ಒಲೆ ಉರಿಯೋದು ಈ ಅಂಗಡಿಯಿಂದ, ನೆನಪಿರಲಿ."

ಅವನು ಊಟ ಮಾಡಿ ಅಡ್ಡಾದಾಗ ಅವಳು ಕದ್ದು ನಾಲ್ಕು ಎಲೆ ಹಾಕುವಳು. ಬ್ರೆಡ್ಡಿನ ರುಚಿ ಕಂಡ ಆಮೆ ಮೂಸಿ ಮುಖ ತಿರುಗಿಸುತ್ತಿತ್ತು. ಹೊಳಪು ಮಾಸಿದಾಗಲೆಲ್ಲ ಅವನು ಇನ್ನೊಂದು ಕೈ ಪಾಲಿಶ್ ಎಳೆಯುತ್ತಿದ್ದ.

ಹೀಗೇ ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಆಮೆ ಹೊಟ್ಟೆ ಎಳೆದುಕೊಂಡು ನಡೆಯುತ್ತಿತ್ತು. ಚಿಪ್ಪು ಬಡಿದಳು. ಸದ್ದೇ ಬರಲಿಲ್ಲ. ಗಂಡನನ್ನು ಕೇಳದೆ ಮಡಿಲಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರಮ್ಮನ ಬಳಿ ಓಡಿದಳು.

ಡಾಕ್ಟರಮ್ಮ ಅಂಚನ್ನು ಮೆಲ್ಲಗೆ ಒತ್ತಿದರು. ಕಳಿತ ಹಣ್ಣಿನಂತೆ ತಗ್ಗಾಯಿತು. "ಚಿಪ್ಪು ಅಂದ್ರೆ ಮೇಲೆ ಹೊದ್ದ ಮುಚ್ಚಳ ಅಲ್ಲಮ್ಮ, ಇದರ ಮೂಳೆ. ಬಿಸಿಲಿಲ್ಲ, ಸೊಪ್ಪಿಲ್ಲ, ಸುಣ್ಣದಂಶ ಎಲ್ಲಿಂದ ಬರ್ಬೇಕು? ಹಾಲು-ಬ್ರೆಡ್ಡು ಆಮೆ ತಿನ್ನೋ ವಸ್ತುವಾ? ಯಾರು ಮಾಡಿದ್ದು ಇದನ್ನ?"

"ನಮ್ಮನೆಯವರು."

"ಅವರಿಗೆ ಗೊತ್ತಿರ್ಲಿಲ್ವಾ?"

"ಅವರಿಗೆ ಗೊತ್ತಿಲ್ಲದ್ದು ಈ ಲೋಕದಲ್ಲೇ ಇಲ್ಲ, ತಾಯಿ."

ಡಾಕ್ಟರಮ್ಮ ಪಾಲಿಶನ್ನು ಎಬ್ಬಿಸಿ ತೆಗೆದರು, ಸೂಜಿ ಚುಚ್ಚಿದರು, ಎಲೆಯ ಮೇಲೆ ಉದುರಿಸಲು ಸುಣ್ಣದಂಶದ ಪುಡಿ ಕೊಟ್ಟರು. ಅವಳು ಆಮೆಯನ್ನು ಹಿತ್ತಿಲಿಗೇ ಒಯ್ದಳು. ಎಳೆಬಿಸಿಲು, ಉಗುರುಬೆಚ್ಚಗಿನ ನೀರು, ಸಣ್ಣಗೆ ಹೆಚ್ಚಿದ ಸೊಪ್ಪು, ಎಲ್ಲವೂ ಆಯಿತು. ಆದರೆ ದವಡೆಯೂ ಮೆತ್ತಗಾಗಿತ್ತು. ಎಲೆ ಕಚ್ಚಲು ಹೋಗಿ ಬಾಯಿ ತೆರೆದು ಹಾಗೇ ನಿಲ್ಲುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕತ್ತು ಹೊರಚಾಚಿಕೊಂಡೇ ಸತ್ತಿತು.

ಗುಂಡಿ ತೋಡುತ್ತಿದ್ದವಳ ಹಿಂದೆ ಗಂಡ ಬಂದು ನಿಂತ. ದನಿ ಇಳಿದಿತ್ತು. "ಹೂಳ್ಬೇಡ ಕಣೇ. ಚಿಪ್ಪು ಕೊಡು. ಚೆನ್ನಾಗಿ ಪಾಲಿಶ್ ಮಾಡಿ ಇಡ್ತೀನಿ, ನಿನಗೆ ನೆನಪಿಗಿರತ್ತೆ."

ಅವನು ಸಮಾಧಾನಕ್ಕೆಂದೇ ಹೇಳಿದ. ಅವಳಿಗೆ ತಡೆಯಲಾಗದೆ ಹೋದದ್ದೂ ಅದೇ. ಅವನ ಕೈ ಎಳೆದು ಹೆಬ್ಬೆರಳನ್ನು ಚಿಪ್ಪಿನ ಮೇಲೆ ಒತ್ತಿದಳು. ಬೆರಳು ಒಳಗಿಳಿಯಿತು.

"ಹಾಕಿ ಪಾಲಿಶ್," ಎಂದಳು.

ಅವನು ಬೆರಳು ಕಿತ್ತುಕೊಂಡು ಒಳಗೆ ಹೋದ.

ಅವಳು ಅಡುಗೆ ಮಾಡುವುದನ್ನಾಗಲಿ, ಬಡಿಸುವುದನ್ನಾಗಲಿ ಬಿಡಲಿಲ್ಲ. 'ರೀ' ಎಂದು ಕರೆಯುವುದನ್ನು ಬಿಟ್ಟಳು. ಊಟಕ್ಕೆ ಕರೆಯಬೇಕಾದಾಗ ತಟ್ಟೆಯನ್ನು ನೆಲಕ್ಕೆ ಕುಕ್ಕುತ್ತಿದ್ದಳು, ಅವನು ಬದುಕಿರುವಷ್ಟು ಕಾಲ.