ಬ್ಯಾಂಕ್ ಕೆಲಸ

ರುದ್ರಪ್ಪ ಸಾಯುವ ಹಿಂದಿನ ದಿನ ಇಂಗ್ಲೆಂಡಿನ ವಿದನ್‌ಶಾದ ಅವನ ಮನೆಯಲ್ಲಿ ಹಬ್ಬದ ಸಡಗರ. ಆಗಷ್ಟೇ ನರ್ಸಿಂಗ್ ಮುಗಿಸಿದ್ದ ಮಗಳು ಸುಚೇತಾಗೆ ಎರಡು ಕೆಲಸ ಬಂದಿದ್ದವು. ಒಂದು ದೂರದ ಲೀಡ್ಸ್ ಊರಿನ ಆಸ್ಪತ್ರೆ ವಾರ್ಡಿನಲ್ಲಿ. ಇನ್ನೊಂದು ಮನೆ ಹತ್ತಿರದ ಆಸ್ಪತ್ರೆಯಲ್ಲಿ, ‘ಬ್ಯಾಂಕ್ ನರ್ಸ್’ ಎಂದು.

ಬ್ಯಾಂಕ್ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ರುದ್ರಪ್ಪ ದಾವಣಗೆರೆಯ ಬಂಧುಬಳಗಕ್ಕೆಲ್ಲ ಫೋನ್ ಹಚ್ಚಿದ. “ನಮ್ಮ ಹುಡುಗಿಗೆ ಬ್ಯಾಂಕ್ ಕೆಲಸ ಸಿಕ್ತು!” ಹೆಂಡತಿ ಕೊಟ್ರಮ್ಮ ದೇವರ ಮುಂದೆ ಸಕ್ಕರೆ ಇಟ್ಟಳು. ಮಗಳು ಮನೆಯಲ್ಲೇ ಉಳಿಯುತ್ತಾಳಲ್ಲ ಎಂಬುದು ಅವಳ ಖುಷಿ.

ಸಂಜೆ ಸುಚೇತಾ ತಲೆ ಚಚ್ಚಿಕೊಂಡಳು. “ಅಪ್ಪಾ, ಅದು ದುಡ್ಡಿನ ಬ್ಯಾಂಕ್ ಅಲ್ಲ. ನರ್ಸ್ ಕಮ್ಮಿ ಬಿದ್ದ ದಿನ ಕರೀತಾರೆ, ಇಲ್ಲಾಂದ್ರೆ ಇಲ್ಲ. ಲೀಡ್ಸಿಂದೇ ಪರ್ಮನೆಂಟ್.”

“ಅಂದ್ರೆ ಕೂಲಿ ಕೆಲಸ!” ರುದ್ರಪ್ಪ ಕುಸಿದು ಕೂತ. “ಹಾಗಾದ್ರೆ ಲೀಡ್ಸಿಗೇ ಹೋಗು.”

“ಅಲ್ಲಿ ಬೆಳಿಗ್ಗೆ ಎಬ್ಬಿಸೋರು ಯಾರ್ರೀ?” ಎಂದಳು ಕೊಟ್ರಮ್ಮ, ಹೇಗಾದರೂ ತಡೆಯಬೇಕೆಂದು. “ಹತ್ತು ಅಲಾರಾಂ ಇಟ್ರೂ ಏಳಲ್ಲ ಇವಳು.”

“ನಾನು ದಿನಾ ಐದಕ್ಕೆ ಫೋನ್ ಮಾಡ್ತೀನಿ. ‘ಏಳವ್ವಾ, ಬ್ಯಾಂಕ್ ಬಾಗಿಲು ತೆಗೀತು’ ಅಂತೀನಿ. ದಾವಣಗೆರೆಯವರಿಗೆ ಮಾತ್ರ ಏನೂ ಹೇಳ್ಬೇಡ್ರಿ.”

ಮರುದಿನ ಬೆಳಿಗ್ಗೆ ಅವನೇ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಹದಿನೈದು ದಿನ ಕಳೆದು ಸುಚೇತಾ, “ಅಮ್ಮಾ, ನಿನ್ನ ಬಿಟ್ಟು ಹೋಗಲ್ಲ. ಬ್ಯಾಂಕೇ ಸಾಕು” ಎಂದಳು. ಕೊಟ್ರಮ್ಮನಿಗೆ ಬೇಕಾಗಿದ್ದೂ ಅದೇ. ಬಾಯಿಂದ ಬಂದದ್ದು ಬೇರೆ: “ಕೂಲಿಗೆ ಹೋಗ್ತೀಯಾ? ನಿಮ್ಮಪ್ಪ ಲೀಡ್ಸ್ ಅಂದಿದ್ದಾರೆ, ನಡಿ.”

ಈಗ ದಿನಾ ಬೆಳಿಗ್ಗೆ ಐದಕ್ಕೆ ಕೊಟ್ರಮ್ಮ ಲೀಡ್ಸಿಗೆ ಫೋನ್ ಹಚ್ಚುತ್ತಾಳೆ. ಮಗಳು ಎತ್ತುವವರೆಗೂ ಬಿಡುವುದಿಲ್ಲ.

“ಏಳವ್ವಾ, ಬ್ಯಾಂಕ್ ಬಾಗಿಲು ತೆಗೀತು.”